ಬಾಳಿಕೆಯ ಗಣಕಯಂತ್ರ

ದಾವಣಗೆರೆಯ ನೆರೆಯ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಆ ಕಾರ್ಖಾನೆ ಮುಚ್ಚಿ ಬಹುಕಾಲವಾಯಿತು. ಆದರೆ ಲೇತನ್ನು ಬಲ್ಲವರ ಒಂದು ವಿವೇಕ ಇಂದಿಗೂ ಸಲ್ಲುವಂಥದು. ಹಳೆಯ ಲೇತ್ ಕೊಳ್ಳುವವರು ಮೊದಲು ಪರೀಕ್ಷಿಸುವುದು ಅದರ ಬೆಡ್ಡನ್ನು, ಎಂದರೆ ಉಳಿದೆಲ್ಲ ಅಂಗಗಳನ್ನೂ ಹೊತ್ತು ನಿಂತ ಎರಕದ ಕಬ್ಬಿಣದ ಹಾಸನ್ನು. ಮೋಟಾರು ಸುಟ್ಟರೆ ಬದಲಿಸಬಹುದು, ಬೆಲ್ಟು ಹರಿದರೆ ಹೊಸದನ್ನು ಹಾಕಬಹುದು. ಹಾಸು ಸವೆದರೆ ಮಾತ್ರ ಯಂತ್ರದ ನಿಖರತೆಯೇ ಹೋಗುತ್ತದೆ. ಬದಲಾಗತಕ್ಕದ್ದು ಯಾವುದು, ನಿಲ್ಲತಕ್ಕದ್ದು ಯಾವುದು ಎಂಬ ಈ ವಿಚಾರವನ್ನು ಗಣಕಯಂತ್ರಕ್ಕೂ ಅನ್ವಯಿಸಿ ನೋಡೋಣ.

ಪಿ.ಜೆ. ಬಡಾವಣೆಯಂಥ ಕಡೆ ಮಧ್ಯಮವರ್ಗದ ಮನೆಯೊಂದರಲ್ಲಿ ಕಾಲೇಜು ಓದುವ ಮಗನೋ ಮಗಳೋ ಆಟಕ್ಕೆ ಒದಗುವ ಕಂಪ್ಯೂಟರ್ ಬೇಕೆಂದು ಕೇಳಿದರೆ, ಅದು ಅರವತ್ತು ಸಾವಿರದಿಂದ ಲಕ್ಷದ ಮೇಲೆ ಹೋಗುವ ಮಾತು. ತಂದೆತಾಯಿಗಳಿಗೆ ಚಿಂತೆಯಾಗುವುದು ಸಹಜ. ಆದರೆ ಆಟಕ್ಕೆ ತಕ್ಕ ಯಂತ್ರ ಎಂಜಿನಿಯರಿಂಗ್ ಓದಿಗೂ ನಕ್ಷೆ ಬರೆಯುವುದಕ್ಕೂ ಒದಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ 'ಎಷ್ಟು ವೇಗ?' ಎಂಬುದಲ್ಲ, 'ಏಳೆಂಟು ವರ್ಷ ಬಾಳೀತೆ?' ಎಂಬುದು.

ಅಂಗಡಿಯಲ್ಲಿ ಎಲ್ಲರ ಕಣ್ಣೂ ಹೋಗುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಆಟದ ದೃಶ್ಯಗಳನ್ನು ಕ್ಷಣಕ್ಷಣವೂ ಚಿತ್ರಿಸುವ ಭಾಗ ಅದು. ಬೆಲೆಯಲ್ಲಿ ಎಲ್ಲಕ್ಕಿಂತ ದೊಡ್ಡದು. ಎಲ್ಲಕ್ಕಿಂತ ಬೇಗ ಹಳತಾಗುವುದೂ ಅದೇ. ಹೊಸ ಆಟಗಳು ಬಂದಂತೆಲ್ಲ ಅದರ ಸ್ವಂತ ಸ್ಮೃತಿ ಸಾಲದಾಗುತ್ತದೆ. ಆದ್ದರಿಂದ ಹೆಚ್ಚು ಸ್ಮೃತಿಯುಳ್ಳ ಮಧ್ಯಮ ದರ್ಜೆಯ ಕಾರ್ಡು ಲೇಸು. ಜೊತೆಗೆ ಮಾನಿಟರನ್ನೂ ಎಣಿಕೆಗೆ ತರಬೇಕು. 1080 ಸಾಲಿನ ಪರದೆಗಿಂತ 4ಕೆ ಪರದೆಯಲ್ಲಿ ಚುಕ್ಕೆಗಳು ನಾಲ್ಕು ಪಟ್ಟು. ಕಾರ್ಡಿನ ದುಡಿಮೆಯೂ ಹಾಗೆಯೇ ಏರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಪ್ರೊಸೆಸರ್ ಮತ್ತು ಕಾರ್ಡು ಒಂದೇ ನೊಗದ ಎತ್ತುಗಳು. ಒಂದು ಬಲವಾಗಿ ಇನ್ನೊಂದು ಬಡಕಲಾದರೆ ಬಂಡಿ ಬಡಕಲಿನ ವೇಗದಲ್ಲೇ ಸಾಗುತ್ತದೆ.

ಇನ್ನು ಹಾಸಿನ ವಿಚಾರ. ಗಣಕಯಂತ್ರದ ಹಾಸು ಮದರ್‌ಬೋರ್ಡ್. ಅದರ ಸಾಕೆಟ್ಟಿನಲ್ಲಿ ಮುಂದೆ ಬರುವ ಪ್ರೊಸೆಸರ್ ಕೂರುವುದೋ ಇಲ್ಲವೋ ಎಂಬುದೇ ಯಂತ್ರದ ಆಯುಸ್ಸನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಎಎಂಡಿ ಸಂಸ್ಥೆಯ ಎಎಂ4 ಸಾಕೆಟ್ 2016ರಲ್ಲಿ ಬಂದಿತು. 2017ರಲ್ಲಿ ಕೊಂಡ ಅನೇಕ ಬೋರ್ಡುಗಳಲ್ಲಿ, ಬಯಾಸ್ ತಂತ್ರಾಂಶವನ್ನು ನವೀಕರಿಸಿದ ಮೇಲೆ, 2022ರ ಪ್ರೊಸೆಸರನ್ನೂ ಕೂರಿಸಲು ಸಾಧ್ಯವಾಯಿತು. ಹೀಗೆ ಮನೆ ಕೆಡವದೆ ಮಾಳಿಗೆ ಏರಿಸುವ ಅವಕಾಶ ದೊರೆಯಿತು. ನಾಲ್ಕು ರ‍್ಯಾಮ್ ಸ್ಥಾನಗಳಿರುವ ಬೋರ್ಡನ್ನು ಆರಿಸಿ ಎರಡನ್ನು ಖಾಲಿ ಬಿಡುವುದೂ ಇಂಥದೇ ಮುಂದಾಲೋಚನೆ.

ಎಲ್ಲರೂ ಉಪೇಕ್ಷಿಸುವ ಭಾಗ ಎಸ್‌ಎಂಪಿಎಸ್. ಗೋಡೆಯ 230 ವೋಲ್ಟ್ ವಿದ್ಯುತ್ತನ್ನು ಯಂತ್ರಕ್ಕೆ ಹಿತವಾಗುವಂತೆ ಇಳಿಸಿಕೊಡುವ ಪೆಟ್ಟಿಗೆ ಇದು. ಕ್ಯಾಬಿನೆಟ್ಟಿನ ಜೊತೆಗೇ ಬರುವ ಅಗ್ಗದ ಎಸ್‌ಎಂಪಿಎಸ್ ಕೆಟ್ಟಾಗ ಒಂಟಿಯಾಗಿ ಹೋಗದೆ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದೊಯ್ಯುವುದುಂಟು. 80 ಪ್ಲಸ್ ಎಂಬ ಮುದ್ರೆ ಹೇಳುವುದು ವಿದ್ಯುತ್ತಿನ ಮಿತವ್ಯಯವನ್ನು ಮಾತ್ರ, ಗಟ್ಟಿತನವನ್ನಲ್ಲ. ಗಟ್ಟಿತನಕ್ಕೆ ಏಳು ಅಥವಾ ಹತ್ತು ವರ್ಷದ ವಾರಂಟಿ ಮೇಲಾದ ಸಾಕ್ಷಿ. ಯಂತ್ರ 400 ವಾಟ್ ಸೆಳೆಯುವುದಾದರೆ 650 ವಾಟಿನದನ್ನು ಕೊಳ್ಳುವುದು ದುಂದಲ್ಲ.

ಇಲ್ಲಿ ನಮ್ಮ ಊರಿನ ಹವೆಯೂ ಬಂದು ಸೇರುತ್ತದೆ. ಯಂತ್ರ ಸೆಳೆದ ಶಕ್ತಿಯೆಲ್ಲ ಕಟ್ಟಕಡೆಗೆ ಶಾಖವಾಗಿ ಹೊರಬೀಳುತ್ತದೆ. ಎಸ್‌ಎಂಪಿಎಸ್ ಒಳಗಿರುವ ಕೆಪಾಸಿಟರುಗಳ ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಜ್ಞರ ಸಾಮಾನ್ಯ ಲೆಕ್ಕ. ತಂಪು ನಾಡಿನ ಕೋಣೆಯಲ್ಲಿ ಹತ್ತು ವರ್ಷ ಬಾಳುವ ಪೆಟ್ಟಿಗೆ ದಾವಣಗೆರೆಯ ಏಪ್ರಿಲ್ ಸೆಕೆಯಲ್ಲಿ ಅಷ್ಟೇ ಬಾಳೀತೆಂದು ನಂಬುವಂತಿಲ್ಲ. ಮುಂಭಾಗಕ್ಕೆ ಗಾಜು ಹೊದಿಸಿ ಬಣ್ಣದ ದೀಪ ಬೆಳಗಿಸುವ ಕ್ಯಾಬಿನೆಟ್ ನೋಟಕ್ಕೆ ಚೆನ್ನ. ಜಾಲರಿಯ ಮುಂಭಾಗ, ತೊಳೆಯಬಹುದಾದ ಧೂಳುಸೋಸಕ, ಸರಾಗವಾದ ಗಾಳಿ, ಇವು ಬಾಳಿಕೆಗೆ ಚೆನ್ನ. ತಿಂಗಳಿಗೊಮ್ಮೆ ಧೂಳು ತೆಗೆಯುವುದಕ್ಕೆ ಖರ್ಚೇನೂ ಇಲ್ಲ.

ವಿದ್ಯುತ್ ಹೋಗಿ ಬರುವ ಊರಿನಲ್ಲಿ ಯುಪಿಎಸ್ ಅವಶ್ಯಕ. ಆದರೆ 600 ವಿಎ ಎಂದು ಬರೆದ ಸಣ್ಣ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ಮಾತ್ರ ಕೊಡಬಲ್ಲದು; ಆಟದ ಯಂತ್ರಕ್ಕೆ ಅದು ಸಾಲದು. ಹಳೆಯ ಮನೆಗಳಲ್ಲಿ ಮೂರನೆಯ ಪಿನ್ನಿಗೆ ನಿಜವಾಗಿ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನನಿಂದ ಪರೀಕ್ಷೆ ಮಾಡಿಸುವುದು ಎಲ್ಲ ಖರೀದಿಗೂ ಮೊದಲಿನ ಕೆಲಸ.

ಕೆಲವು ಭಾಗಗಳ ವಿಚಾರದಲ್ಲಿ ಭಯ ಅನಗತ್ಯ. 600 ಟೆರಾಬೈಟ್ ಬರವಣಿಗೆಯನ್ನು ತಾಳುವ ಎಸ್‌ಎಸ್‌ಡಿಗೆ ದಿನಕ್ಕೆ 50 ಗಿಗಾಬೈಟ್ ಬರೆದರೂ ಲೆಕ್ಕಕ್ಕೆ ಮೂವತ್ತು ವರ್ಷ ಮೀರುತ್ತದೆ. ಹಾಗೆಯೇ, ಕೆಡದ ಯಂತ್ರವೂ ಹಳತೆನಿಸುವುದುಂಟು. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ನಿಂತಾಗ, ವಿಂಡೋಸ್ 11ರ ನಿಯಮಗಳಿಗೆ ಒಗ್ಗದ ಎಷ್ಟೋ ಸುಸ್ಥಿತಿಯ ಯಂತ್ರಗಳು ಹಿಂದೆ ಬಿದ್ದವು. ತೀರ ಹಿಂದಿನ ಪೀಳಿಗೆಯ ಪ್ರೊಸೆಸರ್ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗಬಾರದು.

ಹೀಗಾಗಿ ಕೈಯಲ್ಲಿರುವ ಹಣವನ್ನೆಲ್ಲ ಮೊದಲ ದಿನವೇ ಗ್ರಾಫಿಕ್ಸ್ ಕಾರ್ಡಿಗೆ ಸುರಿಯುವುದು ಜಾಣತನವಲ್ಲ. ಬೋರ್ಡು, ಎಸ್‌ಎಂಪಿಎಸ್, ಕ್ಯಾಬಿನೆಟ್ ಇವನ್ನು ಉತ್ತಮವಾಗಿ ಆರಿಸಿ, ಕಾರ್ಡಿನಲ್ಲಿ ಮಿತವರಿತು, ಉಳಿದ ಹಣವನ್ನು ನಾಲ್ಕನೆಯ ವರ್ಷದ ಹೊಸ ಕಾರ್ಡಿಗೆಂದು ತೆಗೆದಿಡಬೇಕು. ಆಗ ಓದು ಮುಗಿಸಿದ ಮಕ್ಕಳು ತಮ್ಮ ಮೊದಲ ಸಂಬಳದಲ್ಲಿ ಕೊಳ್ಳಬೇಕಾದ್ದು ಒಂದು ಬಿಡಿಭಾಗವಷ್ಟೇ, ಇಡೀ ಯಂತ್ರವಲ್ಲ.