ಕಂದು ಕಂಡರೆ ಹೊಳೆಗೆ ಉಸಿರಿದೆ

ಮಂಗಳೂರಿನ ಕೂಳೂರು ಸೇತುವೆ ದಾಟಿ ಸ್ವಲ್ಪ ಕೆಳಗೆ, ಫಲ್ಗುಣಿ ಹೊಳೆಯ ನಡುನೀರಿನಲ್ಲಿ ದೋಣಿ ನಿಂತಿತ್ತು. ನೀರಿನ ಮಾದರಿ ತೆಗೆಯಲು ಬಂದ ತಂಡದ ಜೊತೆ ನಾನೂ ಕೂತಿದ್ದೆ. ತಂಡದ ಕೆಮಿಸ್ಟ್, ಇನ್ನೂ ಮೂವತ್ತು ದಾಟದ ಹೆಣ್ಣುಮಗಳು, ಆಳದಿಂದ ಎತ್ತಿದ ನೀರನ್ನು ರಬ್ಬರ್ ಕೊಳವೆಯಲ್ಲಿ 300 ಮಿಲಿಲೀಟರಿನ ಗಾಜಿನ ಬಾಟಲಿಗೆ ಇಳಿಸುತ್ತಿದ್ದರು. ಕೊಳವೆಯ ತುದಿ ಬಾಟಲಿಯ ತಳಕ್ಕೆ ತಾಗಿರಬೇಕು, ನೀರು ಕುಲುಕಬಾರದು, ತುಂಬಿ ಹೊರಚೆಲ್ಲಿದ ಮೇಲೂ ಒಂದಿಷ್ಟು ಹರಿಯಲು ಬಿಡಬೇಕು. ಒಂದು ಗಾಳಿಗುಳ್ಳೆ ಒಳಗುಳಿದರೂ ಆ ಬಾಟಲಿ ಲೆಕ್ಕಕ್ಕಿಲ್ಲ, ಚೆಲ್ಲಿ ಮತ್ತೆ ತುಂಬಬೇಕು.

ಆಮೇಲೆ ಪಿಪೆಟ್ಟಿನ ತುದಿಯನ್ನು ನೀರೊಳಗೆ ಮುಳುಗಿಸಿ ಎರಡು ದ್ರಾವಣ ಬಿಟ್ಟರು. ಒಂದು ಮ್ಯಾಂಗನೀಸ್ ಸಲ್ಫೇಟ್, ಇನ್ನೊಂದು ಕ್ಷಾರ ಬೆರೆತ ಅಯೋಡೈಡ್. ಮುಚ್ಚಳ ಬಿಗಿದು ಬಾಟಲಿಯನ್ನು ಮೇಲೆ ಕೆಳಗೆ ಮಾಡಿದರು. ನೋಡನೋಡುತ್ತ ನೀರಿನೊಳಗೆ ಕಂದುಬಣ್ಣದ ಮೋಡ ಎದ್ದು, ನಿಧಾನವಾಗಿ ಕೆಳಗೆ ಕೂತಿತು.

“ಕಂದು ಬಂತಲ್ಲ ಸರ್, ಆಮ್ಲಜನಕ ಉಂಟು” ಎಂದರು ಅವರು.

“ಬರದಿದ್ದರೆ?”

“ಬಿಳಿಯಾಗಿಯೇ ಉಳಿಯುತ್ತದೆ. ಅಂಥ ನೀರಿನಲ್ಲಿ ಮೀನಿಗೆ ಉಸಿರಿಲ್ಲ.”

ನದಿಯ ಮಾಲಿನ್ಯದ ಬಗ್ಗೆ ಎಷ್ಟೋ ವರದಿ ಓದಿದ್ದೇನೆ, ಬರೆದಿದ್ದೇನೆ. ಅಂಕಿಗಳ ಹಿಂದೆ ಹೀಗೆ ಕಣ್ಣಿಗೆ ಕಾಣುವ ಬಣ್ಣವೊಂದಿದೆ ಎಂದು ಯಾವ ವರದಿಯೂ ಹೇಳಿರಲಿಲ್ಲ. ಆ ಬಾಟಲಿಯ ಗುಂಗು ನನ್ನನ್ನು ಇನ್ನೂ ಬಿಟ್ಟಿಲ್ಲ.

ಈ ವಿಧಾನವನ್ನು ಹಂಗೇರಿಯ ರಸಾಯನಶಾಸ್ತ್ರಜ್ಞ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಮ್ಯಾಂಗನೀಸ್ ಸ್ಥಳದಲ್ಲೇ ಹಿಡಿದುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಗಂಧಕಾಮ್ಲ ಹಾಕಿದಾಗ ಆ ಕಂದು ಗಸಿ ಕರಗಿ, ಎಷ್ಟು ಆಮ್ಲಜನಕ ಇತ್ತೋ ಅದಕ್ಕೆ ಸರಿಯಾಗಿ ಅಯೋಡಿನ್ ಬಿಡುಗಡೆಯಾಗುತ್ತದೆ. ಬ್ಯೂರೆಟ್ಟಿನಿಂದ ಥಯೋಸಲ್ಫೇಟ್ ಹನಿಸುತ್ತ ಹೋದರೆ ಹೊಂಬಣ್ಣ ತೆಳುವಾಗುತ್ತದೆ, ಸ್ವಲ್ಪ ಗಂಜಿ ಬೆರೆಸಿದರೆ ಕಡುನೀಲಿ ಆಗುತ್ತದೆ, ಮತ್ತೆ ಕೆಲವು ಹನಿಗೆ ನೀಲಿ ಪೂರ್ತಿ ಮಾಯ. 200 ಮಿಲಿಲೀಟರ್ ನೀರಿಗೆ ಸರಿಯಾದ ಸಾಂದ್ರತೆಯ ದ್ರಾವಣ ಬಳಸಿದರೆ ಬ್ಯೂರೆಟ್ಟಿನಲ್ಲಿ ಇಳಿದ ಒಂದೊಂದು ಮಿಲಿಲೀಟರೂ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕ. ಬೇರೆ ಗುಣಾಕಾರ ಬೇಕಿಲ್ಲ. ವಿದ್ಯುತ್ತಿಲ್ಲದ ಕಡೆಯೂ, ನೂರಾರು ಕಿಲೋಮೀಟರ್ ದೂರದ ದೋಣಿಯಲ್ಲೂ ನಡೆಯುವ ವಿಧಾನ. ಇಂದಿನ ಎಲೆಕ್ಟ್ರಾನಿಕ್ ಮೀಟರುಗಳ ಓದು ಸರಿಯೋ ಎಂದು ತಾಳೆ ನೋಡುವುದೂ ಇದರಿಂದಲೇ.

ಜೊತೆಗೆ ತುಂಬಿದ ಇನ್ನೊಂದು ಬಾಟಲಿಯ ಕಥೆ ಇನ್ನೂ ಸೊಗಸು. ಅದಕ್ಕೆ ದ್ರಾವಣ ಹಾಕುವುದಿಲ್ಲ. ಐಸ್‌ಬಾಕ್ಸಿನಲ್ಲಿ ತಂದು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಕತ್ತಲಲ್ಲಿ ಇಡುತ್ತಾರೆ. ನೀರು ತೀರಾ ಕೊಳಕಾಗಿದ್ದರೆ ಮೊದಲೇ ತಿಳಿನೀರು ಬೆರೆಸಿಕೊಳ್ಳುತ್ತಾರೆ. ನೀರಿನಲ್ಲಿರುವ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನುತ್ತ ಆಮ್ಲಜನಕವನ್ನು ಖರ್ಚು ಮಾಡುತ್ತವೆ. ಮೂರು ದಿನದ ಮೇಲೆ ಮತ್ತೆ ವಿಂಕ್ಲರ್ ಪರೀಕ್ಷೆ. ಎಷ್ಟು ಕಡಿಮೆಯಾಯಿತೋ ಅದೇ ಬಿಓಡಿ, ಪತ್ರಿಕೆಗಳಲ್ಲಿ ನಾವು ದಿನಾ ಓದುವ ಜೈವಿಕ ಆಮ್ಲಜನಕ ಬೇಡಿಕೆ.

ಹಳೆಯ ಪಠ್ಯಪುಸ್ತಕಗಳಲ್ಲಿ ಮಾತ್ರ ಐದು ದಿನ, 20 ಡಿಗ್ರಿ ಎಂದಿರುತ್ತದೆ. ಅದರ ಬೇರು ಬ್ರಿಟನ್ನಿನಲ್ಲಿದೆ. ಅಲ್ಲಿನ ಸರ್ಕಾರ 1898ರಲ್ಲಿ ಚರಂಡಿ ನೀರಿನ ವಿಲೇವಾರಿ ಕುರಿತು ರಾಯಲ್ ಕಮಿಷನ್ ನೇಮಿಸಿತು. 1912ರ ಎಂಟನೇ ವರದಿಯಲ್ಲಿ ಆ ಆಯೋಗ 65 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಐದು ದಿನದ ಪರೀಕ್ಷೆಯನ್ನು ಆಧರಿಸಿ, ಶುದ್ಧೀಕರಿಸಿದ ಚರಂಡಿ ನೀರಿಗೆ ಮಿತಿ ಹಾಕಿತು. ಐದೇ ದಿನ ಏಕೆ ಎಂದರೆ, ಬ್ರಿಟನ್ನಿನ ನದಿಗಳಲ್ಲಿ ನೀರು ಸಮುದ್ರ ಸೇರಲು ಅದಕ್ಕಿಂತ ಹೆಚ್ಚು ಕಾಲ ಬೇಕಿಲ್ಲ ಎನ್ನುವ ವಿವರಣೆಯನ್ನು ಈ ಕ್ಷೇತ್ರದವರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. 65 ಡಿಗ್ರಿ ಎಂದರೆ ಸುಮಾರು 18 ಸೆಲ್ಸಿಯಸ್, ಅವರ ಬೇಸಿಗೆಯ ಹೊಳೆನೀರಿನ ಬಿಸಿ. ನಮ್ಮ ಕೃಷ್ಣೆ ಭೀಮೆಯರ ನೀರಿಗೆ ಏಪ್ರಿಲ್‌ನಲ್ಲಿ ಅಂಥ ತಂಪು ಎಲ್ಲಿಂದ ಬರಬೇಕು? ಭಾರತೀಯ ಮಾನಕ ಸಂಸ್ಥೆ 1993ರ ವಿಧಾನದಲ್ಲಿ ಮೂರು ದಿನ, 27 ಡಿಗ್ರಿ ಎಂದು ಗೊತ್ತುಮಾಡಿತು. ಬೆಚ್ಚಗಿನ ನೀರಿನಲ್ಲಿ ಬ್ಯಾಕ್ಟೀರಿಯಾ ಚುರುಕಾಗಿ ಕೆಲಸ ಮಾಡುವುದರಿಂದ ಮೂರು ದಿನಕ್ಕೇ ಹೆಚ್ಚುಕಡಿಮೆ ಅದೇ ಫಲ ಸಿಗುತ್ತದೆ. ನಮ್ಮ ನೀರಿನ ಬಿಸಿಯನ್ನು ನಾವೇ ಅಳೆದು ಅಳತೆಯನ್ನೇ ತಿದ್ದಿಕೊಂಡದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಆದರೆ ಒಂದು ತೊಡಕು ಉಳಿಯುತ್ತದೆ. ನೂರು ಕಿಲೋಮೀಟರಿನ ಆಸುಪಾಸಿನ ನೇತ್ರಾವತಿಯಂಥ ಕರಾವಳಿ ಹೊಳೆಯಲ್ಲಿ, ಮಳೆಗಾಲದಲ್ಲಂತೂ, ಬಾಟಲಿಯ ಫಲಿತಾಂಶ ಬರುವ ಹೊತ್ತಿಗೆ ಆ ನೀರು ಅರಬ್ಬಿ ಸಮುದ್ರ ಸೇರಿ ಆಗಿರುತ್ತದೆ. ಬಿಓಡಿ ಯಾವತ್ತೂ ನಡೆದುಹೋದದ್ದರ ಸಾಕ್ಷಿ. ಅದು ಎಚ್ಚರಿಕೆಯ ಗಂಟೆಯಾಗಲಾರದು.

ನಮ್ಮ ದೋಣಿ ನಡೆಸುತ್ತಿದ್ದವರು ಬೆಂಗ್ರೆಯ ಹಿರಿಯರು. ಬಾಟಲಿ ತುಂಬುವುದನ್ನೆಲ್ಲ ಸುಮ್ಮನೆ ನೋಡುತ್ತಿದ್ದವರು ಕಡೆಗೆ ಒಂದು ಮಾತು ಹೇಳಿದರು: “ನೀರು ಕಪ್ಪಾಗುವುದು ರಾತ್ರಿಗೆ ಮಾರಾಯ್ರೆ. ಇವರು ಬರುವುದು ಹಗಲಿಗೆ.”

ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕದ್ದು ಬಿಡುವವರು ಕತ್ತಲನ್ನೇ ಕಾಯುತ್ತಾರೆ ಎನ್ನುವುದು ಒಂದು. ಯಾರೂ ಏನೂ ಬಿಡದಿದ್ದರೂ ಹೊಳೆಯ ಉಸಿರು ಹಗಲೂ ರಾತ್ರಿ ಒಂದೇ ಸಮ ಇರುವುದಿಲ್ಲ ಎನ್ನುವುದು ಇನ್ನೊಂದು. ಚರಂಡಿಯ ಸಾರ ಉಂಡು ಹಸಿರುಗಟ್ಟಿದ ನೀರಿನಲ್ಲಿ ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಅದನ್ನು ಹೀರುತ್ತದೆ. ಮಧ್ಯಾಹ್ನ ಬಾಟಲಿ ಅದ್ದಿದರೆ ಅಂಕಿ ಚೆನ್ನಾಗಿಯೇ ಬರುತ್ತದೆ. ಮೀನು ಸಾಯುವುದು ಬೆಳಗಿನ ಜಾವಕ್ಕೆ. ಅಳಿವೆಯಲ್ಲಿ ಇದರ ಮೇಲೆ ಭರತ ಇಳಿತದ ಆಟ ಬೇರೆ. ಭರತದ ಹೊತ್ತಿಗೆ ಕೂಳೂರಿನಲ್ಲಿ ತುಂಬಿದ ಬಾಟಲಿಯಲ್ಲಿ ಸಮುದ್ರದ ಪಾಲೇ ಹೆಚ್ಚಿರಬಹುದು. ಇಳಿತದಲ್ಲಿ ತುಂಬಿದರೆ ಮೇಲಿನ ಊರುಗಳದೂ ಬೈಕಂಪಾಡಿಯ ಕೈಗಾರಿಕಾ ಪ್ರದೇಶದ್ದೂ ವರ್ತಮಾನ ಸಿಗುತ್ತದೆ. ಒಂದೇ ಜಾಗ, ಒಂದೇ ದಿನ, ಎರಡು ಬೇರೆ ಹೊಳೆ. ಕೆಮಿಸ್ಟ್ ತಮ್ಮ ನೋಟ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ಮೊದಲು ಭರತವೋ ಇಳಿತವೋ ಎಂದು ಬರೆದುಕೊಂಡದ್ದು ಇದೇ ಕಾರಣಕ್ಕೆ. ಸಾರ್ವಜನಿಕರಿಗೆ ತಲುಪುವ ಪಟ್ಟಿಗಳಲ್ಲಿ ಆ ಒಂದು ಪದವೂ ಇರಬೇಕು ಎನ್ನುವುದು ನನ್ನ ಹಟ.

ನಮ್ಮ ನದಿಗಳ ಮಾಲಿನ್ಯದ ಹಿಂದಿನ ಕಥೆ ಹಲವರಿಗೆ ಗೊತ್ತಿರುವುದೇ. ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ, ಅದೇ ವರ್ಷ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. ಆದರೆ ಹರಿಹರದ ಕೆಳಗೆ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದಾಗ 1980ರ ದಶಕದಲ್ಲಿ ದನಿಯೆತ್ತಿದ್ದು ನದಿ ದಂಡೆಯ ಹಳ್ಳಿಗರು ಮತ್ತು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ದಾಂಡೇಲಿಯ ಕೆಳಗೆ ಕಾಳಿ ನದಿಯ ಬಣ್ಣದ ಬಗ್ಗೆಯೂ ಮೊದಲು ಮಾತಾಡಿದವರು ಅದೇ ನೀರಿಗೆ ಇಳಿಯುವ ಜನ. ನಮ್ಮಲ್ಲಿ ಬಾಟಲಿಗಿಂತ ಮುಂಚೆ ಮೂಗು ಸಾಕ್ಷಿ ಹೇಳಿದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿ ನೀರನ್ನು ಎ ಇಂದ ಇ ವರೆಗೆ ಐದು ದರ್ಜೆ ಮಾಡಿದೆ. ಸೋಂಕು ತೆಗೆದರೆ ಸಾಕು ಕುಡಿಯಬಹುದು ಎನ್ನುವುದು ಎ. ಅದಕ್ಕೆ ಲೀಟರಿಗೆ ಕನಿಷ್ಠ 6 ಮಿಲಿಗ್ರಾಂ ಆಮ್ಲಜನಕ ಇರಬೇಕು, ಬಿಓಡಿ 2 ದಾಟಬಾರದು. ಸ್ನಾನಕ್ಕೆ ಬಿ: ಆಮ್ಲಜನಕ 5, ಬಿಓಡಿ 3. ಇ ದರ್ಜೆ ನೀರಾವರಿಗೆ. ಬಿಓಡಿ 3 ದಾಟಿದ ಕಡೆಯನ್ನು ಮಲಿನ ಎಂದು ಗುರುತಿಸುತ್ತಾರೆ. 2018ರ ಪಟ್ಟಿಯಲ್ಲಿ ದೇಶದ 351 ನದಿಪಾತ್ರಗಳಿದ್ದವು, ಅದರಲ್ಲಿ 17 ನಮ್ಮ ರಾಜ್ಯದವು. 2022ರಲ್ಲಿ ದೇಶದ ಲೆಕ್ಕ 311ಕ್ಕೆ ಇಳಿಯಿತು, ನಮ್ಮದು 17ರಲ್ಲೇ ನಿಂತಿತು. ಕಾವೇರಿ, ತುಂಗಾ, ಭದ್ರಾ, ಕಬಿನಿ, ಲಕ್ಷ್ಮಣತೀರ್ಥ, ಜೊತೆಗೆ ಕರಾವಳಿಯ ನೇತ್ರಾವತಿ, ಕುಮಾರಧಾರಾ 2018ರ ಪಟ್ಟಿಯಲ್ಲಿದ್ದವು. ಬೆಂಗಳೂರಿನವರು ಮೂಗು ಮುಚ್ಚಿಕೊಂಡು ದಾಟುವ ವೃಷಭಾವತಿಯ ಹೆಸರು ಅದರಲ್ಲಿ ಬೇರೆಯಾಗಿ ಇರಲಿಲ್ಲ. ಅದು ಹೋಗಿ ಸೇರುವ ಅರ್ಕಾವತಿ ಇತ್ತು. ಫಲ್ಗುಣಿಯೂ ಇರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಹೊಳೆ ಶುದ್ಧ ಎಂದು ತಿಳಿಯುವುದು ದೊಡ್ಡ ತಪ್ಪು. ಎಲ್ಲಿ, ಯಾವಾಗ ಬಾಟಲಿ ಅದ್ದುತ್ತಾರೋ ಅಲ್ಲಿನ ಕಥೆ ಮಾತ್ರ ಪಟ್ಟಿಗೆ ಬರುತ್ತದೆ.

ಕಡಲಿನ ಲೆಕ್ಕ ಬೇರೆ. ಅಲ್ಲಿ ಎಸ್‌ಡಬ್ಲ್ಯು-1ರಿಂದ ಎಸ್‌ಡಬ್ಲ್ಯು-5 ತನಕ ದರ್ಜೆ: ಉಪ್ಪಿನ ಆಗರ, ಚಿಪ್ಪುಮೀನು ಇರುವಲ್ಲಿಗೆ ಮೊದಲನೆಯದು, ಈಜು ಮತ್ತು ಮೀನುಗಾರಿಕೆಗೆ ಎರಡನೆಯದು, ಬಂದರಿಗೆ ನಾಲ್ಕನೆಯದು. ಉಪ್ಪುನೀರು ಸಿಹಿನೀರಿನಷ್ಟು ಆಮ್ಲಜನಕ ಹಿಡಿಯಲಾರದು, ಹಾಗಾಗಿ ಎರಡನೇ ದರ್ಜೆಗೆ 4 ಮಿಲಿಗ್ರಾಂ ಇದ್ದರೂ ಸಾಕು. ಇಲ್ಲಿ ಇನ್ನೊಂದು ವಿಚಿತ್ರವಿದೆ. ಮಳೆಗಾಲದ ಕೊನೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೆದ್ದು ದಡದ ಕಡೆ ಸರಿಯುತ್ತದೆ. ಆ ನೀರಿನಲ್ಲಿ ಹುಟ್ಟಿನಿಂದಲೇ ಆಮ್ಲಜನಕ ಕಡಿಮೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಕಡಲ ಬಾಟಲಿಯ ಕಂದು ತೆಳುವಾಗಿ ಕಂಡರೆ ಅದು ಕಾರ್ಖಾನೆಯ ಪಾಪವೇ ಆಗಬೇಕಿಲ್ಲ. ಕೇಂದ್ರ ಸರ್ಕಾರ 1990ರ ದಶಕದ ಆರಂಭದಿಂದ ದೇಶದ ಕರಾವಳಿಯಲ್ಲಿ ವರ್ಷ ವರ್ಷ ನೀರು ಅಳೆಯುತ್ತ ಬಂದದ್ದರ ಬೆಲೆ ಇರುವುದು ಇಲ್ಲೇ. ಹತ್ತಾರು ವರ್ಷದ ಅಂಕಿ ಕೈಯಲ್ಲಿದ್ದರೆ ಮಾತ್ರ ಕಡಲಿನ ಸ್ವಭಾವ ಯಾವುದು, ಮನುಷ್ಯನ ಕೊಳೆ ಯಾವುದು ಎಂದು ಬಿಡಿಸಿ ಹೇಳಬಹುದು.

ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲಾಗ್ ಸಿಕ್ಕಿತು. ಆ ಬಾವುಟ ಹಾರಬೇಕಾದರೆ ಪ್ರವಾಸದ ಹಂಗಾಮಿನಲ್ಲಿ ನೀರಿನ ಎರಡು ಮಾದರಿಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರುವಂತಿಲ್ಲ, ಮಲದ ಬ್ಯಾಕ್ಟೀರಿಯಾಗಳ ಅಂಕಿಯನ್ನು ಅಲ್ಲೇ ಫಲಕದಲ್ಲಿ ಹಾಕಬೇಕು. ಸಂತೋಷವೇ. ಸಂಜೆ ಗಾಳಿಗೆ ಬರುವವರಿಗೆ ಸಿಗುವ ಈ ಮಾಹಿತಿ, ಹೊಟ್ಟೆಪಾಡಿಗೆ ಅಳಿವೆಯಲ್ಲಿ ಎದೆಮಟ್ಟ ನಿಂತು ಮರುವಾಯಿ ಚಿಪ್ಪು ಹೆಕ್ಕುವ ಹೆಂಗಸರಿಗೂ ಸಿಗಬೇಡವೇ?

ಯಂತ್ರ ಇಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಹೆಚ್ಚು ಮಾಲಿನ್ಯದ 17 ಬಗೆಯ ಕೈಗಾರಿಕೆಗಳು ಹೊರಬಿಡುವ ನೀರಿಗೆ ಆನ್‌ಲೈನ್ ಮೀಟರ್ ಕೂರಿಸಬೇಕೆಂದು ಕೇಂದ್ರ ಮಂಡಳಿ 2014ರಲ್ಲೇ ಆದೇಶಿಸಿದೆ. ಅಳೆಸಿಕೊಳ್ಳುವವರೇ ನೋಡಿಕೊಳ್ಳುವ ಮೀಟರಿನ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಕಡಲಲ್ಲಂತೂ ಸೆನ್ಸರಿನ ಮೇಲೆ ಕೆಲವೇ ವಾರದಲ್ಲಿ ಪಾಚಿ, ಚಿಪ್ಪು ಕೂರುತ್ತದೆ. ತೊಳೆಯುವ ಕೈ ಇಲ್ಲದಿದ್ದರೆ ಅದು ಹೇಳುವ ಅಂಕಿ ತನ್ನ ಮೇಲಿನ ಕೊಳೆಯದೇ. ಅದರ ಬದಲು ಕಲ್ಲಿಗೆ ಅಂಟಿಕೊಂಡು ಹಗಲು ರಾತ್ರಿ ನೀರು ಸೋಸುವ ಪಚ್ಚಿಲೆ ಎಂಬ ಚಿಪ್ಪುಮೀನನ್ನು ಕೇಳಬಹುದು. ಅದರ ಮಾಂಸದಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ತಿಂಗಳುಗಟ್ಟಲೆ ಸೇರುತ್ತ ಹೋಗುತ್ತವೆ. ಅಮೆರಿಕದ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲೇ ಇಂಥ ಪಚ್ಚಿಲೆ ಕಾವಲನ್ನು ಪ್ರಪಂಚಕ್ಕೆ ಸೂಚಿಸಿದ್ದರು. ಪಚ್ಚಿಲೆ ಸುಕ್ಕ ಉಣ್ಣುವ ಜಿಲ್ಲೆಗಳಲ್ಲಿ ಈ ಪರೀಕ್ಷೆ ನಿಯಮಿತವಾಗಿ ನಡೆದು, ಫಲಿತಾಂಶ ಮೀನು ಮಾರ್ಕೆಟ್ಟಿನ ಗೋಡೆಗೆ ಬರಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ದೋಣಿಯಲ್ಲಿ ಕೂತು ಗುಳ್ಳೆಯಿಲ್ಲದ ಬಾಟಲಿಗಾಗಿ ಮತ್ತೆ ಮತ್ತೆ ನೀರು ತುಂಬುವವರ ಶ್ರಮದಲ್ಲಿ ನನಗೆ ಕೊರತೆ ಕಾಣಲಿಲ್ಲ. ಕೊರತೆ ಇರುವುದು ಬಾಟಲಿಗಳ ಎಣಿಕೆಯಲ್ಲಿ, ಅದ್ದುವ ಹೊತ್ತಿನಲ್ಲಿ, ಆಮೇಲೆ ಆ ಅಂಕಿಯನ್ನು ಯಾರೂ ಕೇಳದಿರುವುದರಲ್ಲಿ. ರಾಜ್ಯ ಮಂಡಳಿಯ ಜಾಲತಾಣದಲ್ಲಿ ನದಿಗಳ ನೀರಿನ ದರ್ಜೆ ಪಟ್ಟಿ ಸಿಗುತ್ತದೆ. ನಿಮ್ಮೂರಿನ ಹೊಳೆಗೆ ಹತ್ತಿರದ ಮಾಪನ ಕೇಂದ್ರ ಯಾವುದೆಂದು ನೋಡಿ. ಮಳೆಗಾಲದ ಅಂಕಿಯನ್ನು ಬಿಟ್ಟು ಮಾರ್ಚ್, ಏಪ್ರಿಲಿನ ಅಂಕಿ ಹುಡುಕಿ. ನಿಮ್ಮ ಹೊಳೆಯ ಹೆಸರೇ ಅಲ್ಲಿ ಇಲ್ಲದಿದ್ದರೆ ಏಕಿಲ್ಲ ಎಂದು ಮಂಡಳಿಯ ಪ್ರಾದೇಶಿಕ ಕಚೇರಿಗೆ ಒಂದು ಪತ್ರ ಬರೆಯಿರಿ, ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಕೊಡಿ.