ಉತಾರದ ತಪ್ಪಿಗೆ ವಾರಸುದಾರ ಯಾರು?

ರೋಣ: "ಕಂಪ್ಯೂಟರದಾಗ ಹಂಗ ಐತಿ, ನಾವೇನ್ ಮಾಡೂಣು?" ಉತಾರದಲ್ಲಿ ಹೆಸರೋ ಎಕರೆಯೋ ಅದಲುಬದಲಾದ ರೈತನಿಗೆ ಯಾವ ಊರಲ್ಲೂ ಸಿಗಬಹುದಾದ ಉತ್ತರ ಇದು. ಒಪ್ಪುವಂಥದ್ದಲ್ಲ.

ತಲಾಟಿಯ ಕೈಬರಹದ ದಫ್ತರ ಸರಿಸಿ 'ಭೂಮಿ' ಬಂದದ್ದು ಇಂಥ ನೆಪ ಅಳಿಸಲೆಂದೇ. ಸುಮಾರು 67 ಲಕ್ಷ ರೈತರ 2 ಕೋಟಿ ಉತಾರ ಯಂತ್ರಕ್ಕೇರಿದವು. 2002ರ ಹೊತ್ತಿಗೆ ತಾಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಉತಾರ ಸಿಗತೊಡಗಿತು. ಹಿಂದೆ ಹೆಬ್ಬೆಟ್ಟು ಒತ್ತುತ್ತಿದ್ದವ ರೈತ. 'ಭೂಮಿ' ತಂದದ್ದು ನೌಕರನೇ ಬೆರಳು ಒತ್ತದೆ ಖಾತೆ ಬದಲಾಗದ ವ್ಯವಸ್ಥೆ. ಯಾರು ಮಾಡಿದರು ಎಂಬುದು ಯಂತ್ರದೊಳಗೆ ದಾಖಲು.

ಅಂದಮೇಲೆ ತಪ್ಪಿಗೆ ವಾರಸುದಾರರಿಲ್ಲ ಅನ್ನೋದು ಹೆಂಗ? ಹಳೇ ದಫ್ತರ ನೋಡಿ ಟೈಪು ಮಾಡುವಾಗ ಬಿದ್ದ ತಪ್ಪುಗಳೂ ಇವೆ, ಖರೆ. ಅವನ್ನೂ ಯಾರೋ ತಾಳೆ ನೋಡಿರಬೇಕಲ್ಲ! ತೂಕ ಕಡಿಮೆ ಬಿದ್ದರೆ ಅಂಗಡಿಕಾರ ತಕ್ಕಡಿಯ ಮೇಲೆ ಹಾಕಿ ಪಾರಾದಾನೆ?

ತಿದ್ದುಪಡಿಗೆ ಅರ್ಜಿ ಕೊಡುವವ ರೈತ, ಹಳೇ ಕಾಗದ ಹುಡುಕುವವ ರೈತ, ಬಸ್ ಚಾರ್ಜು ಕೊಡುವವನೂ ರೈತ. ಅಷ್ಟರಲ್ಲಿ ಸೊಸೈಟಿ ಸಾಲದ, ಬೆಳೆ ವಿಮೆಯ ಕಡೇ ದಿನ ದಾಟಿದರೆ ಬಿತ್ತನೆಗೆ ರೊಕ್ಕ ಎಲ್ಲಿಂದ? ಅಂಗಡಿಯ ಉದ್ರಿಯೂ ಅಲ್ಲೇ ನಿಲ್ಲುತ್ತದೆ.

ಬೆರಳು ಒತ್ತಿದವರ ಹೆಸರು, ತಾರೀಖು ತಿದ್ದುಪಡಿ ಹಾಳೆಯ ಮೇಲೇ ಅಚ್ಚಾಗಲಿ. ದೋಷ ಸಾಫ್ಟ್‌ವೇರಿನದಾದರೆ ಅದನ್ನು ಬರೆದವರದೂ. ರೈತನ ಓಡಾಟದ ಖರ್ಚು ಅವರ ಲೆಕ್ಕಕ್ಕೇ ಹೋಗಲಿ.