ದಾದಿಯರನ್ನು ಉಳಿಸುವುದು ಬಾಂಡ್ ಅಲ್ಲ, ಪಾಲು

ಪುಣೆ: ಹಡಪ್ಸರ್ ಬಳಿಯ ಮಗರಪಟ್ಟಾದಲ್ಲಿ ಐ.ಟಿ. ಕಚೇರಿಗಳಂತೆಯೇ ಆಸ್ಪತ್ರೆಯ ದೀಪಗಳೂ ರಾತ್ರಿಯಿಡೀ ಉರಿಯುತ್ತವೆ. ಐ.ಟಿ. ಹುಡುಗ ಎರಡೇ ವರ್ಷಕ್ಕೆ ಕಂಪನಿ ಬದಲಿಸಿದರೆ ‘ಮುಂದೆ ಬಂದ’ ಎಂದು ಹೊಗಳುವ ಸಮಾಜ, ದಾದಿ ಆಸ್ಪತ್ರೆ ಬಿಟ್ಟರೆ ಮಾತ್ರ ‘ನಿಷ್ಠೆಯಿಲ್ಲ’ ಎನ್ನುತ್ತದೆ.

ಸಾವಿರ ಜನರಿಗೆ ಮೂವರು ದಾದಿಯರು ಬೇಕು. ನಮ್ಮ ದೇಶದಲ್ಲಿ ಇರುವುದು ಸುಮಾರು ಇಬ್ಬರು. ಅನುಭವ ಪಡೆದ ಅನೇಕರು ಕೊಲ್ಲಿ ರಾಷ್ಟ್ರಗಳಿಗೆ, ಬ್ರಿಟನ್ನಿಗೆ, ಜರ್ಮನಿಗೆ ಹೊರಡುತ್ತಾರೆ. ಉಳಿದವರ ಮೇಲೆ ರೋಗಿಗಳ ಹೊರೆ, ಪಾಳಿಯ ಮೇಲೆ ಪಾಳಿ. ದಣಿದು ಅವರೂ ಬಿಡುತ್ತಾರೆ. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಕೋಲ್ಕತ್ತದ ಖಾಸಗಿ ಆಸ್ಪತ್ರೆಗಳಿಂದ ಮಣಿಪುರದ ನೂರಕ್ಕೂ ಹೆಚ್ಚು ದಾದಿಯರು ಊರಿಗೆ ಮರಳಿದ್ದನ್ನು ಮರೆಯುವಂತಿಲ್ಲ.

ಬಿಟ್ಟು ಹೋಗದಂತೆ ಬಾಂಡ್ ಬರೆಸಿಕೊಳ್ಳುವ ಪದ್ಧತಿ ಸಲ್ಲದೆಂದು ಭಾರತೀಯ ನರ್ಸಿಂಗ್ ಕೌನ್ಸಿಲ್ 2011ರಲ್ಲೇ ತಿಳಿಸಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಕೇಂದ್ರ ಸರಕಾರ ನೇಮಿಸಿದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ರಾಜ್ಯ ಸರಕಾರಿ ದಾದಿಯರಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯಿದ್ದರೂ 20,000 ರೂ.ಗೆ ಇಳಿಯಬಾರದು ಎಂದು ಶಿಫಾರಸು ಮಾಡಿತು. ಜಾರಿಗೊಳಿಸುವ ಹೊಣೆ ರಾಜ್ಯಗಳದು.

ಉತ್ತರ ಮಗರಪಟ್ಟಾದ ಮಣ್ಣಿನಲ್ಲೇ ಇದೆ. ಇಲ್ಲಿನ ಸುಮಾರು 120 ರೈತ ಕುಟುಂಬಗಳು ಹೊಲ ಮಾರಿ ಚದುರಲಿಲ್ಲ. 400ಕ್ಕೂ ಹೆಚ್ಚು ಎಕರೆ ಒಟ್ಟುಗೂಡಿಸಿ, ಜಮೀನಿಗೆ ತಕ್ಕ ಷೇರು ಪಡೆದು ನಗರವನ್ನೇ ಕಟ್ಟಿದವು. ಪಾಲು ಸಿಕ್ಕಿದ್ದರಿಂದ ನಿಂತರು.

ಮಗಳನ್ನು ನರ್ಸಿಂಗ್ ಕೆಲಸಕ್ಕೆ ಕಳಿಸುವ ಕನ್ನಡಿಗ ಪಾಲಕರು ಸಹಿಗೆ ಮುನ್ನ ಮೂರು ಪ್ರಶ್ನೆ ಕೇಳಲಿ: ಸಂಬಳವೆಷ್ಟು? ಒಂದು ಪಾಳಿಗೆ ರೋಗಿಗಳೆಷ್ಟು? ಬಿಡಬೇಕಾದರೆ ಷರತ್ತೇನು?